ಪ್ರತಿಕ್ರಿಯೆ: ಒಪ್ಪಿಗೆಯಿಲ್ಲದ ವೇತನ ಒಪ್ಪಂದಕ್ಕೆ ಸಹಿ ಬೀಳುವ ಮುಂಚೆ

ವೇತನ ಒಪ್ಪಂದದ ಕರಡನ್ನ ಸದಸ್ಯರಿಗೆ ತೋರಿಸದೆ ನಿಮ್ಮ ಕಾರ್ಮಿಕ ಸಂಘದ ಮುಖಂಡರು ಸಹಿಗೆ ಅವಸರ ಮಾಡ್ತಿದ್ದಾರೆ ಅಂದ್ರಲ್ಲ, ಬಹುಶಃ ರಾಜಿ ಅಧಿಕಾರಿಯ (ಆಡಳಿತ ಮಂಡಳಿಗೂ ಕಾರ್ಮಿಕರಿಗೂ ರಾಜಿ ಮಾಡಿಸುವ ಸರ್ಕಾರಿ ಅಧಿಕಾರಿ) ಮುಂದೆ ಮುಗಿಸಿಬಿಡುವ ಲೆಕ್ಕಾಚಾರ. ಅವರ ಮುಂದೆ ಅಲ್ಲದೆ ಹೊರಗೆ ಆದ ಒಪ್ಪಂದ ಸಹಿ ಹಾಕಿದ ಪಕ್ಷಗಳಿಗಷ್ಟೇ ಅಂಟುತ್ತೆ. ಅವರ ಮುಂದೆ ಆದದ್ದು ಸಂಘದ ಸದಸ್ಯರಲ್ಲದ ಕಾರ್ಮಿಕರಿಗೂ ಅಂಟುತ್ತೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 18(3)ನೇ ಕಲಂ ಹಾಗಿತ್ತು, ಅದರ ಬದಲಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದೇ ತತ್ವ.

ಮೊದಲು ಸಂಘದ ಬೈಲಾ (ನಿಯಮಾವಳಿ) ತೆಗೆದು, ವಿಶೇಷ ಸಾಮಾನ್ಯ ಸಭೆ ಕರೆಯೋಕೆ ಎಷ್ಟು ಸಹಿ ಬೇಕು ನೋಡಿ; ಅದು ಸಂಘದಿಂದ ಸಂಘಕ್ಕೆ ಬೇರೆ. ಆಮೇಲೆ ಸಭೆ ಕರೆಯೋ ಮನವಿಗೆ ಪಾಳಿವಾರು ಸಹಿ ಸಂಗ್ರಹಿಸಿ, ರಾತ್ರಿ ಪಾಳಿಯವರನ್ನ ಮರೀಬೇಡಿ (ನಾವು ಮರೆತು ಕೆಟ್ಟಿದ್ದು ಅಲ್ಲೇ). ಮನವಿಯಲ್ಲಿ 'ವಿರೋಧವಿದೆ' ಅಂತಷ್ಟೇ ಸಾಲದು, ಯಾವ ಷರತ್ತು ಬೇಡ ಅಂತ ಬರೀರಿ. ಅದನ್ನ ಸಂಘದ ಕಾರ್ಯದರ್ಶಿಗೆ ಕೊಟ್ಟು ಸ್ವೀಕೃತಿ ಪಡೆದು, ಅದೇ ದಿನ ಪ್ರತಿಯನ್ನ ರಾಜಿ ಅಧಿಕಾರಿಗೆ ತಲುಪಿಸಿ. ಅವರು ಸಹಿ ತಡೆದೇ ತಡೀತಾರೆ ಅನ್ನೋಕಾಗಲ್ಲ, ದಾಖಲೆಯಂತೂ ಉಳಿಯುತ್ತೆ. ಕೆಲಸ ಮಾತ್ರ ನಿಲ್ಲಿಸಬೇಡಿ. ರಾಜಿ ಅಧಿಕಾರಿಯ ಮುಂದೆ ಸಂಧಾನ ನಡೀತಿರುವಾಗ ಮುಷ್ಕರ ಕಾನೂನುಬಾಹಿರ.