ಕಪ್ಪೆಹಸಿರಿನ ಬಟ್ಟೆ: ಇಳಕಲ್ಲಿನ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯ ಗ್ರೀಕ್ ಶಿಲ್ಪಗಳ ಚಿತ್ರ ನೋಡಿ ನೀವು ಬರೆದ ಪತ್ರ ತಲುಪಿತು. ಮನೆಯಲ್ಲಿ ಕುಣಿಮಗ್ಗವಿದೆ, ಕಂಡಿಕೆ ಸುತ್ತುತ್ತಲೇ ನಮ್ಮ ಪತ್ರಿಕೆ ಓದಿಸಿಕೊಂಡು ಕೇಳುತ್ತೇನೆ ಎಂದಿದ್ದೀರಿ. ನಿಮ್ಮ ಪ್ರಶ್ನೆ ಎರಡು. ಇಷ್ಟು ಚೆಂದದ ನೆರಿಗೆ ಹಿಡಿಯಬಲ್ಲವರು ಬರೀ ಬಿಳಿ ಬಟ್ಟೆಯನ್ನೇ ಏಕೆ ಉಟ್ಟರು? ಅಲೆಕ್ಸಾಂಡರನ ದಂಡಿನ ಜೊತೆ ಸೀರೆ ನಮ್ಮಲ್ಲಿಗೆ ಬಂತೆಂದು ನಿಮ್ಮೂರಿನ ಸಮಾರಂಭದಲ್ಲಿ ಭಾಷಣಕಾರರೊಬ್ಬರು ಹೇಳಿದ್ದು ನಿಜವೇ?

ಮೊದಲನೆಯದರಲ್ಲಿ ತಪ್ಪು ನಮ್ಮದು. ಚಿತ್ರದ ಕೆಳಗೆ ‘ಶ್ವೇತವಸನದ ನಾಡು’ ಎಂದು ಅಚ್ಚು ಹಾಕಿದವರು ನಾವೇ. ಬಿಳಿ ಇದ್ದದ್ದು ಅಮೃತಶಿಲೆಯಲ್ಲಿ, ಬಟ್ಟೆಯಲ್ಲಲ್ಲ. ಆ ಶಿಲ್ಪಗಳಿಗೆ ಬಳಿದಿದ್ದ ಬಣ್ಣ ಶತಮಾನಗಳ ಮಳೆ, ಬಿಸಿಲು, ಮಣ್ಣಿಗೆ ಸಿಕ್ಕಿ ಹೋಯಿತು. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದಲ್ಲಿ 1886ರಲ್ಲಿ ಸಿಕ್ಕ, ಕ್ರಿ.ಪೂ. 530ರ ಸುಮಾರಿನ ಒಬ್ಬ ತರುಣಿಯ ಶಿಲ್ಪದ ಮೇಲೆ ಬಣ್ಣದ ಗುರುತು ಇಂದಿಗೂ ಉಳಿದಿದೆ. ಜರ್ಮನಿಯ ಪುರಾತತ್ವಜ್ಞ ವಿಂಝೆಂಟ್ ಬ್ರಿಂಕ್‌ಮನ್ ಇಂಥ ಶಿಲ್ಪಗಳ ಪ್ರತಿರೂಪ ಮಾಡಿಸಿ, ಅವಕ್ಕೆ ಮೂಲದ ಬಣ್ಣಗಳನ್ನು ಹಚ್ಚಿಸಿ ತೋರಿಸಿದ್ದಾರೆ. ಅವುಗಳನ್ನು ಮೊದಲ ಸಲ ನೋಡಿದವರಿಗೆ ನಮ್ಮ ಜಾತ್ರೆಯ ಉತ್ಸವಮೂರ್ತಿಯ ಮುಂದೆ ನಿಂತಂತೆ ಅನಿಸಿದರೆ ಆಶ್ಚರ್ಯವಿಲ್ಲ.

ನಿಮಗೆ ಇನ್ನೂ ಹಿಡಿಸುವ ಸಾಕ್ಷ್ಯವೊಂದಿದೆ. ಅಥೆನ್ಸಿಗೆ ಸಮೀಪದ ಬ್ರೌರಾನ್ ಎಂಬಲ್ಲಿ ಆರ್ಟೆಮಿಸ್ ದೇವಿಯ ಗುಡಿಯಿತ್ತು. ಹೆಂಗಸರು ಆ ದೇವಿಗೆ ತಮ್ಮ ಬಟ್ಟೆಗಳನ್ನು ಅರ್ಪಿಸುತ್ತಿದ್ದರು. ಕ್ರಿ.ಪೂ. 4ನೆಯ ಶತಮಾನದಲ್ಲಿ ಆ ಬಟ್ಟೆಗಳ ಪಟ್ಟಿಯನ್ನು ಕಲ್ಲಿನಲ್ಲಿ ಕೆತ್ತಿಸಿದರು. ಯಾರು ಕೊಟ್ಟದ್ದು, ಯಾವ ಬಣ್ಣ, ಅಂಚು ಎಂಥದು, ಹರಿದಿದೆಯೇ, ಅರ್ಧವೇ ನೇಯ್ದದ್ದೇ ಎಂಬುದೆಲ್ಲ ಅದರಲ್ಲಿದೆ. ಕೇಸರಿ ಇದೆ, ಕಡಲ ಬಸವನಹುಳುವಿನಿಂದ ತೆಗೆದ ಊದಾ ಇದೆ, ಕಪ್ಪೆಯ ಹೆಸರಿನಲ್ಲಿ ಕರೆದ ಹಸಿರೂ ಇದೆ. ವಿನ್ಯಾಸಗಳಲ್ಲಿ ಒಂದರ ಹೆಸರು ಹಣಿಗೆಯಿಂದ ಬಂದದ್ದು, ಇನ್ನೊಂದರದು ಕೋಟೆಯ ಬುರುಜಿನಿಂದ. ಇದನ್ನು ಓದಿದಾಗ ನನಗೆ ತಟ್ಟನೆ ನೆನಪಾದದ್ದು ನಿಮ್ಮೂರಿನ ಸೆರಗು. ಇಳಕಲ್ ಸೀರೆಯ ಸೆರಗಿನಲ್ಲೂ ಹಣಿಗೆಯಿದೆ, ಕೋಟೆಯ ತೆನೆಯಿದೆ.

ಹಾಗಾದರೆ ಭಾಷಣಕಾರರು ಹೇಳಿದ್ದೇ ಸರಿಯೇ? ಅಲ್ಲ. ಹಾಸು ನೆಟ್ಟಗೆ, ಹೊಕ್ಕು ಅಡ್ಡಕ್ಕೆ. ಈ ಎರಡರ ನಡುವೆ ಬಣ್ಣ ಬದಲಿಸುತ್ತ ಹೋದರೆ ಹಲ್ಲು, ಮೆಟ್ಟಿಲು, ತೆನೆ ತಾವಾಗಿಯೇ ಮೂಡುತ್ತವೆ. ದುಂಡಗಿನ ಹೂವೇ ಕಷ್ಟ. ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ನೀವು. ಮಗ್ಗ ಕಲಿಸುವ ಪಾಠಕ್ಕೆ ನೆಂಟಸ್ತಿಕೆ ಬೇಕಿಲ್ಲ.

ಗ್ರೀಕರ ಮಗ್ಗ ನಿಮ್ಮದಕ್ಕಿಂತ ಪೂರ್ತಿ ಬೇರೆ. ಗೋಡೆಗೆ ಒರಗಿಸಿದ ಎರಡು ಕಂಬ, ಮೇಲೊಂದು ಅಡ್ಡಮರ. ಅದರಿಂದ ಇಳಿಬಿದ್ದ ಹಾಸಿನ ಎಳೆಗಳ ತುದಿಗೆ ಸುಟ್ಟ ಮಣ್ಣಿನ ಗುಂಡುಗಳನ್ನು ಕಟ್ಟಿ ಬಿಗಿ ಮಾಡುತ್ತಿದ್ದರು. ಹೆಂಗಸರು ನಿಂತೇ ನೇಯುತ್ತಿದ್ದರು, ಹೊಕ್ಕನ್ನು ಮೇಲ್ಮುಖವಾಗಿ ಬಡಿಯುತ್ತಿದ್ದರು. ಕೆಲಸ ಶುರುವಾಗುವುದು ಒಂದು ಕಿರಿದಾದ ಪಟ್ಟಿಯಿಂದ. ಆ ಪಟ್ಟಿಯ ಹೊಕ್ಕಿನ ಎಳೆಗಳನ್ನೇ ಒಂದು ಬದಿಗೆ ಉದ್ದಕ್ಕೆ ಎಳೆದು ಬಿಟ್ಟರೆ ಅವೇ ಬಟ್ಟೆಯ ಹಾಸಾಗುತ್ತಿದ್ದವು. ನೀವು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಸೇರಿಸುತ್ತೀರಲ್ಲ, ಅದಕ್ಕಿಂತ ಬೇರೆಯ ಉಪಾಯ ಇದು. ಜಾಣ್ಮೆ ಮಾತ್ರ ಅದಕ್ಕೆ ಸಾಟಿಯಾದದ್ದು.

ಹೀಗೆ ಮಗ್ಗದಿಂದ ಇಳಿದ ಬಟ್ಟೆಗೆ ಕತ್ತರಿ ತಾಗುತ್ತಿದ್ದುದು ಅಪರೂಪ. ಹೊಲಿಗೆ ತಿಳಿಯದೆ ಅಲ್ಲ. ಅದಕ್ಕೆ ಎಷ್ಟೋ ಶತಮಾನ ಹಿಂದೆಯೇ ಕ್ರೀಟ್ ದ್ವೀಪದ ಚಿತ್ರಗಳಲ್ಲಿ ಮೈಗೆ ಅಳೆದು ಹೊಲಿದ ಕುಪ್ಪಸ, ಅಂತಸ್ತು ಅಂತಸ್ತಿನ ಲಂಗ ಕಾಣುತ್ತವೆ. ಗ್ರೀಕ್ ಹೆಂಗಸರ ‘ಪೆಪ್ಲೋಸ್’ ಉಣ್ಣೆಯದು. ಮೇಲಿನ ಅಂಚನ್ನು ಹೊರಕ್ಕೆ ಮಡಚಿ, ಎರಡು ಹೆಗಲ ಮೇಲೆ ದೊಡ್ಡ ಪಿನ್ನು ಚುಚ್ಚಿ, ನಡುವಿಗೆ ಪಟ್ಟಿ ಕಟ್ಟಿದರೆ ಮುಗಿಯಿತು. ‘ಕೈಟಾನ್’ ಹೆಚ್ಚಾಗಿ ಅಗಸೆ ನಾರಿನ ತೆಳು ಬಟ್ಟೆಯದು, ತುಂಬ ನೆರಿಗೆಯದು. ಇದರ ಮೇಲೆ ಹೊದೆಯುವ ‘ಹಿಮಾಟಿಯಾನ್’ ನಮ್ಮ ಉತ್ತರೀಯದ ಹಾಗೆ.

ಪೆಪ್ಲೋಸ್ ಬಿಟ್ಟು ಕೈಟಾನಿಗೆ ಏಕೆ ಹೋದರೆಂಬುದಕ್ಕೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಘೋರ ಕಥೆ ಹೇಳುತ್ತಾನೆ. ಈಜಿನಾ ದ್ವೀಪದ ಮೇಲೆ ಹೋದ ಅಥೆನ್ಸಿನ ಪಡೆಯಲ್ಲಿ ಒಬ್ಬನೇ ಬದುಕಿ ಮರಳಿದ. ಸತ್ತವರ ಹೆಂಡಂದಿರು ಅವನನ್ನು ಸುತ್ತುವರಿದು, ‘ನನ್ನ ಗಂಡ ಎಲ್ಲಿ?’ ಎಂದು ಕೇಳುತ್ತ ಒಬ್ಬೊಬ್ಬಳೂ ತನ್ನ ಪಿನ್ನಿನಿಂದ ಚುಚ್ಚಿದಳು. ಅವನು ಅಲ್ಲಿಯೇ ಸತ್ತ. ಬೇರೆ ಶಿಕ್ಷೆ ತೋಚದೆ ಊರಿನವರು ಹೆಂಗಸರ ಉಡುಗೆಯನ್ನೇ ಬದಲಿಸಿದರಂತೆ, ಪಿನ್ನು ಬೇಡದ ನಾರುಬಟ್ಟೆಗೆ. ಹಗೆಯ ಊರುಗಳಾದ ಆರ್ಗೋಸ್ ಮತ್ತು ಈಜಿನಾದಲ್ಲಿ ಪಿನ್ನುಗಳನ್ನು ಮೊದಲಿಗಿಂತ ಒಂದೂವರೆ ಪಟ್ಟು ಉದ್ದ ಮಾಡಿಸಿದರಂತೆ! ಇದು ನಡೆದ ಸಂಗತಿಯೋ ಕಟ್ಟಿದ ಮಾತೋ, ಗಂಡನನ್ನು ಕಳೆದುಕೊಂಡವಳ ಸಂಕಟವನ್ನು ಬಟ್ಟೆಯ ಚರಿತ್ರೆಯೊಳಗೆ ಇಟ್ಟುಹೋದನಲ್ಲ ಎಂಬುದಕ್ಕೆ ನನಗೆ ಅವನ ಮೇಲೆ ಗೌರವ. ಕ್ರಿ.ಪೂ. 480ರ ಪರ್ಷಿಯನ್ ಯುದ್ಧದ ಬಳಿಕದ ಶಿಲ್ಪಗಳಲ್ಲಿ ಸಾದಾ ಪೆಪ್ಲೋಸ್ ಮತ್ತೆ ಕಾಣಿಸಿಕೊಳ್ಳುತ್ತದೆ.

ಇನ್ನು ಸೀರೆ. ಮೊಹೆಂಜೊದಾರೊದಲ್ಲಿ ಸಿಕ್ಕ, ಸುಮಾರು 4,000 ವರ್ಷ ಹಳೆಯ ಗಡ್ಡದ ಪುರುಷನ ಮೂರ್ತಿ ಎಡ ಹೆಗಲ ಮೇಲೆ ಮೂರೆಸಳಿನ ಚಿತ್ತಾರದ ಶಲ್ಯ ಹೊದ್ದಿದೆ, ಬಲ ಹೆಗಲು ಬರಿದು. ಅಲೆಕ್ಸಾಂಡರ್ ಸಿಂಧೂ ದಾಟಿದ್ದು ಕ್ರಿ.ಪೂ. 326ರಲ್ಲಿ. ಅವನ ನೌಕಾಪಡೆಯ ನಾಯಕ ನಿಯಾರ್ಕಸ್ ಇಲ್ಲಿಯ ಜನ ಮೀನಖಂಡದವರೆಗೆ ಬರುವ ಹತ್ತಿಯ ಉಡುಗೆ ತೊಟ್ಟು, ಹೆಗಲಿಗೊಂದು ತಲೆಗೊಂದು ಬಟ್ಟೆ ಸುತ್ತಿಕೊಳ್ಳುತ್ತಾರೆಂದು ಬರೆದಿಟ್ಟ. ಅದಕ್ಕೂ ನೂರು ವರ್ಷ ಹಿಂದೆಯೇ ಹೆರೊಡೋಟಸ್, ಭಾರತದಲ್ಲಿ ಮರಗಳು ಉಣ್ಣೆಯನ್ನೇ ಹಣ್ಣಾಗಿ ಬಿಡುತ್ತವೆ, ಅದು ಕುರಿಯ ಉಣ್ಣೆಗಿಂತ ಚೆಲುವು ಎಂದಿದ್ದ. ಗ್ರೀಕ್ ಪ್ರಭಾವ ಗಾಂಧಾರದ ಬುದ್ಧಶಿಲ್ಪಗಳ ಚೀವರದ, ಅಂದರೆ ಭಿಕ್ಷುವಸ್ತ್ರದ, ನೆರಿಗೆಗಳಲ್ಲಿ ನಿಚ್ಚಳವಾಗಿದೆ. ಆದರೆ ಅದು ಕಲ್ಲು ಕೆತ್ತುವವರ ಕೈಯ ಮಾತು, ಉಡುವವರದ್ದಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಸೆರಗಿಗೆ ಕೊಂಡಿ ಹಾಕುವಾಗಿನ ಒಂದು ಫೋಟೊ ಕಳಿಸಿಕೊಡಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಒಂದು ಗ್ರೀಕ್ ಎಣ್ಣೆ ಕುಡಿಕೆಯಿದೆ. ಅದರ ಮೇಲೆ ಇಬ್ಬರು ಹೆಂಗಸರು ಮಗ್ಗದ ಮುಂದೆ ನಿಂತಿದ್ದಾರೆ, ಕೆಳಗೆ ಮಣ್ಣಿನ ಗುಂಡುಗಳು ಸಾಲಾಗಿ ತೂಗುತ್ತಿವೆ. ಎರಡನ್ನೂ ಮುಂದಿನ ಸಂಚಿಕೆಯಲ್ಲಿ ಒಂದೇ ಪುಟದಲ್ಲಿ, ಈ ಸಲ ಬಣ್ಣದಲ್ಲಿ, ಅಚ್ಚು ಹಾಕುತ್ತೇವೆ.

— ಸಂಪಾದಕ