ಪಿಜ್ಜಾ ಅಂಗಡಿಯ ಕರಡಿಗೆ ಏನಾಯ್ತು?

ಪ್ರಶ್ನೆ: ನನ್ನ ಮೊಮ್ಮಗ ಮೊಬೈಲಿನಲ್ಲಿ ಒಂದು ಆಟ ಆಡುತ್ತಾನೆ. ಪಿಜ್ಜಾ ಅಂಗಡಿಯ ಕರಡಿ ಗೊಂಬೆ ರಾತ್ರಿ ಎದ್ದು ಕಾವಲುಗಾರನ ಮೇಲೆ ಬೀಳುತ್ತದೆ. ‘ಅಜ್ಜಿ, ಅಮೆರಿಕದಲ್ಲಿ ಇಂಥ ಅಂಗಡಿ ನಿಜವಾಗ್ಲೂ ಇತ್ತು’ ಅಂತಾನೆ. ಹೌದೇ?
– ಓದುಗರೊಬ್ಬರು, ಹಾಸನ

ಉತ್ತರ: ಮೊಮ್ಮಗ ಹೇಳಿದ್ದರಲ್ಲಿ ಅರ್ಧ ನಿಜ ಅಮ್ಮ. ಮೇಲೆ ಬೀಳುವ ಕರಡಿ ಕಟ್ಟುಕತೆ, ಹಾಡುವ ಕರಡಿ ಇದ್ದದ್ದು ಹೌದು. ಅದರ ಹೆಸರು ಬಿಲ್ಲಿ ಬಾಬ್. ಅಂಗಡಿ ಶೋಬಿಜ್ ಪಿಜ್ಜಾ ಪ್ಲೇಸ್. 1980ರ ಮಾರ್ಚ್‌ನಲ್ಲಿ ಮಿಸೌರಿಯ ಕಾನ್ಸಾಸ್ ಸಿಟಿಯಲ್ಲಿ ಶುರುವಾಯಿತು.

ಅದು ಹುಟ್ಟಿದ್ದೇ ಜಗಳದಿಂದ. ಅಟಾರಿ ವಿಡಿಯೊ ಗೇಮ್ ಕಂಪನಿ ಕಟ್ಟಿದ ನೋಲನ್ ಬುಶ್ನೆಲ್ 1977ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಪಿಜ್ಜಾ ಟೈಮ್ ಥಿಯೇಟರ್ ತೆರೆದಿದ್ದರು. ಪಿಜ್ಜಾ ಬೇಯಲು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಮಕ್ಕಳು ಟೋಕನ್ ಹಾಕಿ ಗೇಮ್ ಆಡಲಿ, ದೊಡ್ಡವರು ಚಕ್ ಇ. ಚೀಸ್ ಎಂಬ ಇಲಿಗೊಂಬೆಯ ಜೋಕು ಕೇಳುತ್ತ ಕೂರಲಿ ಎಂಬುದು ಅವರ ಲೆಕ್ಕ. (ತಿನ್ನುವ ಜಾಗದಲ್ಲಿ ಇಲಿ ತೋರಿಸಿ ಲಾಭ ಮಾಡಿದ ಪುಣ್ಯಾತ್ಮ ಬೇರೆ ಯಾರಿದ್ದಾರೋ!) ಸಾಲು ಸಾಲು ಹಾಲಿಡೇ ಇನ್ ಹೋಟೆಲು ನಡೆಸುತ್ತಿದ್ದ ರಾಬರ್ಟ್ ಬ್ರಾಕ್, ಹಲವು ರಾಜ್ಯಗಳಲ್ಲಿ ಇಂಥವೇ ಅಂಗಡಿ ತೆರೆಯಲು 1979ರಲ್ಲಿ ಬುಶ್ನೆಲ್ ಜೊತೆ ಕರಾರು ಮಾಡಿಕೊಂಡರು. ಆಮೇಲೆ ಒರ್ಲ್ಯಾಂಡೊದ ಆರನ್ ಫೆಕ್ಟರ್ ಎಂಬ ಯುವಕ ಮಾಡಿದ ಗೊಂಬೆಗಳು ಅವರ ಕಣ್ಣಿಗೆ ಬಿದ್ದವು. ಇವುಗಳ ಮುಂದೆ ಆ ಇಲಿ ಏನೇನೂ ಅಲ್ಲ ಅನ್ನಿಸಿತು. ಕರಾರು ಮುರಿದರು, ಫೆಕ್ಟರ್ ಜೊತೆ ಸೇರಿ ಶೋಬಿಜ್ ತೆರೆದರು. ಬುಶ್ನೆಲ್ ಕಂಪನಿ ಕೋರ್ಟಿಗೆ ಹೋಯಿತು. ಕೊನೆಗೆ ಲಾಭದಲ್ಲಿ ಪಾಲು ಕೊಡುತ್ತೇವೆಂದು ಒಪ್ಪಿ ರಾಜಿಯಾದರು.

ಫೆಕ್ಟರ್ ಮಾಡಿದ ಗೊಂಬೆ ತಂಡದ ಹೆಸರು ರಾಕ್-ಅಫೈರ್ ಎಕ್ಸ್‌ಪ್ಲೋಷನ್. ಗೊರಿಲ್ಲಾ ಕೀಬೋರ್ಡ್ ನುಡಿಸುತ್ತಿತ್ತು, ನಾಯಿ ಡ್ರಮ್ಸ್ ಬಾರಿಸುತ್ತಿತ್ತು, ಹಿಮಕರಡಿಯ ಕೈಯಲ್ಲಿ ಗಿಟಾರು. ನನಗೆ ಇಷ್ಟವಾದದ್ದು ರೋಲ್ಫ್ ಎಂಬ ತೋಳ. ಅದು ತನ್ನ ಕೈಲಿ ಇನ್ನೊಂದು ಪುಟ್ಟ ಗೊಂಬೆ ಇಟ್ಟುಕೊಂಡು ಅದನ್ನು ಮಾತಾಡಿಸುತ್ತಿತ್ತು. ಗೊಂಬೆಯೇ ಗೊಂಬೆಯಾಡಿಸುವುದು!

1983ರಲ್ಲಿ ಅಮೆರಿಕದ ವಿಡಿಯೊ ಗೇಮ್ ವ್ಯಾಪಾರ ನೆಲಕಚ್ಚಿತು. ಮರುವರ್ಷ ಪಿಜ್ಜಾ ಟೈಮ್ ದಿವಾಳಿ ಅರ್ಜಿ ಹಾಕಿತು. ಕೊಂಡವರು ಯಾರು ಅಂತೀರಿ? ಶೋಬಿಜ್‌ನವರೇ. ಈಗ ಒಬ್ಬನೇ ಯಜಮಾನ, ಎರಡು ಗೊಂಬೆ ತಂಡ. ಮಕ್ಕಳಿಗೆ ಬೇಜಾರಾಗಿ ಬಿಲ್ಲಿ ಬಾಬ್ ಹೋದ ಅಂತ ಹೇಳುವವರಿದ್ದಾರೆ; ನಾನು ಒಪ್ಪುವುದಿಲ್ಲ. ಯಂತ್ರ ಕಂಪನಿಯದ್ದು, ಆದರೆ ಪಾತ್ರಗಳ ಮತ್ತು ಹಾಡುಗಳ ಹಕ್ಕು ಫೆಕ್ಟರ್‌ದು. ಅದನ್ನು ಬರೆದುಕೊಡಿ ಎಂದಾಗ ಅವರು ಒಪ್ಪಲಿಲ್ಲ. ಇಲಿಯ ಹಕ್ಕು ಹೇಗೂ ಕಂಪನಿಯ ಕೈಲೇ ಇತ್ತು. ಹಾಗಾಗಿ 1990ರಿಂದ ಆಚೆಗೆ ಊರೂರಲ್ಲಿ ಗೊಂಬೆಗಳ ತೊಗಲು ಸುಲಿದು, ಅದೇ ಕಬ್ಬಿಣದ ಮೈಗೆ ಇಲಿಯ ಬಳಗದ ವೇಷ ತೊಡಿಸಿದರು. ಗೊರಿಲ್ಲಾ ಹೋಗಿ ಮಂಚ್ ಎಂಬ ನೇರಳೆ ಬಣ್ಣದ ವಿಚಿತ್ರ ಪ್ರಾಣಿ ಬಂತು. ಕೂತದ್ದು ಅದೇ ಕೀಬೋರ್ಡಿನ ಮುಂದೆ. ಮಿಟ್ಜಿ ಎಂಬ ಹೆಣ್ಣಿಲಿ ಹೋಗಿ ಹೆಲೆನ್ ಎಂಬ ಕೋಳಿ ಬಂತು, ಡ್ರಮ್ಸಿನ ನಾಯಿ ಇಟಲಿಯ ಅಡುಗೆಭಟ್ಟನಾಯಿತು. ವೇಷ ಬದಲಿಸುವುದು ಹೇಗೆಂದು ನೌಕರರಿಗೆ ತೋರಿಸಲು ಕಂಪನಿ ವಿಡಿಯೊ ಕೂಡ ಮಾಡಿಸಿತ್ತು. 1992ರ ಹೊತ್ತಿಗೆ ಕೆಲಸ ಮುಗಿಯಿತು.

ಪ್ರಶ್ನೆ: ಆ ಕಾಲದಲ್ಲಿ ಗೊಂಬೆಗಳು ಹಾಡಿಗೆ ಸರಿಯಾಗಿ ಬಾಯಿ ಆಡಿಸುತ್ತಿದ್ದದ್ದು ಹೇಗೆ ಸಾರ್? ಒಳಗೆ ಮೋಟಾರ್ ಇತ್ತೇ?
– ಪಾಲಿಟೆಕ್ನಿಕ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೋಟಾರ್ ಅಲ್ಲ ತಮ್ಮಾ, ಗಾಳಿ. ಪೀಣ್ಯದ ಕಾರ್ಖಾನೆಯಲ್ಲಿ ಏರ್ ಸಿಲಿಂಡರ್ ರಿಪೇರಿ ಮಾಡುತ್ತಲೇ ರಿಟೈರ್ ಆದವನು ನಾನು, ಈ ಪ್ರಶ್ನೆಗೆ ಕಾಯುತ್ತಿದ್ದೆ! ದವಡೆಗೊಂದು ಸಿಲಿಂಡರ್, ರೆಪ್ಪೆಗೊಂದು, ಮೊಣಕೈಗೊಂದು. ಕಂಪ್ರೆಸರಿನ ಗಾಳಿಯನ್ನು ವಾಲ್ವ್ ಬಿಟ್ಟಾಗ ಪಿಸ್ಟನ್ ತಳ್ಳಿ ದವಡೆ ಆಡುತ್ತದೆ. ಯಾವ ವಾಲ್ವ್ ಯಾವಾಗ ತೆರೆಯಬೇಕೆಂದು ಹೇಳುತ್ತಿದ್ದದ್ದು ಸ್ಪೂಲ್ ಟೇಪು. ಅದರಲ್ಲಿ ನಾಲ್ಕು ಟ್ರ್ಯಾಕು: ಎರಡರಲ್ಲಿ ಹಾಡು, ಎರಡರಲ್ಲಿ ವಾಲ್ವ್‌ಗಳಿಗೆ ಸಿಗ್ನಲ್. ಹಾಡೂ ಸಿಗ್ನಲ್ಲೂ ಒಂದೇ ಟೇಪಿನಲ್ಲಿ ಓಡುವುದರಿಂದ ತಾಳ ತಪ್ಪುವ ಮಾತೇ ಇಲ್ಲ. ಕಷ್ಟ ಇರುವುದು ಗಾಳಿಯ ವೇಗ ಹೊಂದಿಸುವುದರಲ್ಲಿ. ಸ್ಕ್ರೂ ಒಂಚೂರು ಸಡಿಲವಾದರೆ ಕತ್ತು ತಟ್ಟನೆ ತಿರುಗಿ ಪಿಶಾಚಿಯ ಹಾಗೆ ಕಾಣುತ್ತದೆ, ಬಿಗಿಯಾದರೆ ತೂಕಡಿಸುತ್ತದೆ. ಲ್ಯಾಬಿನಲ್ಲಿ ಫ್ಲೋ ಕಂಟ್ರೋಲ್ ವಾಲ್ವ್ ಇದ್ದರೆ ಒಂದು ಸಿಲಿಂಡರಿಗೆ ಹಾಕಿ ತಿರುಗಿಸಿ ನೋಡು. ಮುಖಕ್ಕೆ ಕನ್ನಡಕ ಇರಲಿ.

ಪ್ರಶ್ನೆ: ಮಗಳ ಮನೆಗೆಂದು ಲಾಸ್ ಏಂಜಲಿಸ್‌ಗೆ ಹೊರಟಿದ್ದೇವೆ. ಇಂಥ ಗೊಂಬೆ ಈಗಲೂ ನೋಡಲು ಸಿಗುತ್ತವೆಯೇ?
– ಓದುಗ ದಂಪತಿ, ಮೈಸೂರು

ಉತ್ತರ: ಒಳ್ಳೆಯ ಊರಿಗೇ ಹೊರಟಿದ್ದೀರಿ. ಆ ಕಂಪನಿ ಈಗ ಇಲಿಯ ಹೆಸರಲ್ಲೇ ನಡೆಯುತ್ತದೆ. ಈ ಚಕ್ ಇ. ಚೀಸ್‌ನವರು ಹೆಚ್ಚಿನ ಅಂಗಡಿಗಳಿಂದ ಗೊಂಬೆಗಳನ್ನು ತೆಗೆದು ವಿಡಿಯೊ ಪರದೆ ಹಾಕಿದ್ದಾರೆ. ಆದರೆ ಲಾಸ್ ಏಂಜಲಿಸ್‌ನ ನಾರ್ತ್‌ರಿಡ್ಜ್ ಅಂಗಡಿಯಲ್ಲಿ ತಂಡವನ್ನು ಕಾಯಂ ಉಳಿಸಿಕೊಳ್ಳುವುದಾಗಿ 2023ರಲ್ಲಿ ಹೇಳಿದರು. ಹೊರಡುವ ಮುಂಚೆ ಮಗಳ ಕೈಲಿ ಒಂದು ಫೋನ್ ಮಾಡಿಸಿ. ಬಿಲ್ಲಿ ಬಾಬ್ ಮಾತ್ರ ಅಲ್ಲಿ ಸಿಗುವುದಿಲ್ಲ, ಅದು ಇಲಿಯ ಮನೆ. ಪಿಜ್ಜಾ ಬೇಡವಾದರೆ ಮಗಳ ಮನೆಯಲ್ಲೇ ಚಿತ್ರಾನ್ನ ತಿಂದು ಹೋಗಿ.