ಲಿಬ್ರೆಆಫೀಸ್‌ಗೆ ಮೊದಲ ಪ್ಯಾಚ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಾಲೇಜಿನಲ್ಲಿ ಸಿ ಪ್ಲಸ್ ಪ್ಲಸ್ ಕಲಿತಿದ್ದೇನೆ. ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶಕ್ಕೆ ಕೋಡ್ ಬರೆಯುವ ಆಸೆಯಿಂದ ಸೋರ್ಸ್ (ಮೂಲ ಕೋಡ್) ಇಳಿಸಿಕೊಂಡೆ, ಅಷ್ಟೊಂದು ಫೈಲ್ ನೋಡಿ ದಿಕ್ಕೇ ತೋಚಲಿಲ್ಲ. ಎಲ್ಲಿಂದ ಹಿಡಿಯಬೇಕು?
— ಬಿಇ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಕೋಡ್ ಓದುತ್ತಾ ಕೂರಬೇಡಿ, ಮೊದಲು ಬಿಲ್ಡ್ ಮಾಡಿ, ಅಂದರೆ ಕೋಡಿನಿಂದ ಓಡುವ ತಂತ್ರಾಂಶ ಕಟ್ಟಿ. ಈ ತಂತ್ರಾಂಶದ ಕೋಡನ್ನು ಪೂರ್ತಿ ಓದಿದವರು ಯಾರೂ ಇರಲಾರರು. ಲಿನಕ್ಸ್ ಇದ್ದರೆ ಕೆಲಸ ಸುಲಭ. ಡಿಸ್ಕ್‌ನಲ್ಲಿ 50 ಜಿಬಿ ಖಾಲಿ ಇಟ್ಟುಕೊಳ್ಳಿ, ಒಮ್ಮೆ ಕಂಪೈಲ್ ಆದದ್ದನ್ನು ಉಳಿಸಿಡುವ ಸಿಸಿಕ್ಯಾಶ್ ಹಾಕಿಕೊಳ್ಳಿ. ಆಟೊಜೆನ್ ಸ್ಕ್ರಿಪ್ಟ್ ಓಡಿಸಿ, ಆಮೇಲೆ ಮೇಕ್ ಕೊಡಿ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ಹಲವು ಗಂಟೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗುವುದು ಒಳ್ಳೆಯದು. 8 ಜಿಬಿ ರ‍್ಯಾಮ್ ಇದ್ದರೆ ಲಿಂಕ್ ಮಾಡುವ ಹಂತದಲ್ಲಿ ಮೆಮೊರಿ ಸಾಲದೆ ಬಿಲ್ಡ್ ಅರ್ಧಕ್ಕೇ ನಿಲ್ಲಬಹುದು. ಆಗ ಏಕಕಾಲಕ್ಕೆ ಓಡುವ ಜಾಬ್‌ಗಳನ್ನು ಎರಡಕ್ಕಿಳಿಸಿ. ಎರಡನೇ ಬಿಲ್ಡಿನಿಂದ ಬದಲಾದ ಭಾಗ ಮಾತ್ರ ಕಂಪೈಲ್ ಆಗುತ್ತದೆ. ರೈಟರ್ ಇರುವುದು ಎಸ್‌ಡಬ್ಲ್ಯು ಫೋಲ್ಡರಿನಲ್ಲಿ, ಕ್ಯಾಲ್ಕ್ ಎಸ್‌ಸಿಯಲ್ಲಿ, ಇಂಪ್ರೆಸ್ ಎಸ್‌ಡಿಯಲ್ಲಿ. ಆಯಾ ಫೋಲ್ಡರಿನ ಹೆಸರು ಕೊಟ್ಟು ಅದೊಂದನ್ನೇ ಮೇಕ್ ಮಾಡಬಹುದು.

ಇನ್ನು ಕೆಲಸ ಹುಡುಕುವುದು. ಬಗ್‌ಗಳನ್ನು ದಾಖಲಿಸುವ ತಾಣವಾದ ಬಗ್‌ಜಿಲ್ಲಾದಲ್ಲಿ 'ಈಸಿ ಹ್ಯಾಕ್' ಎಂಬ ಗುರುತಿರುವ ಬಗ್‌ಗಳನ್ನು ಹೊಸಬರಿಗೆಂದೇ ಎತ್ತಿಟ್ಟಿರುತ್ತಾರೆ. ಅವುಗಳಲ್ಲಿ 'ಬಿಗಿನರ್' ಹಂತದ್ದನ್ನು ಆರಿಸಿ. ಕೊನೆಯ ಕಮೆಂಟುಗಳನ್ನು ಓದಿ, ಬೇರೆಯವರು ಆಗಲೇ ಪ್ಯಾಚ್ (ಕೋಡ್ ತಿದ್ದುಪಡಿ) ಹಾಕಿದ್ದಾರೆಯೇ ನೋಡಿಕೊಳ್ಳಿ. ಮೊದಲ ಪ್ಯಾಚ್ ಹತ್ತಿಪ್ಪತ್ತು ಸಾಲು ದಾಟದಿದ್ದರೆ ಮೇಲು. ಅದರಲ್ಲಿ ನೀವು ಕಲಿಯುವುದು ಕೋಡಿಗಿಂತ ಹೆಚ್ಚಾಗಿ ಪ್ಯಾಚ್ ಒಳಗೆ ಹೋಗುವ ದಾರಿ.

ಬಹಳ ಜನ ಎಡವುವ ಜಾಗ ಒಂದಿದೆ. ಗಿಟ್‌ಹಬ್‌ನಲ್ಲಿ ಲಿಬ್ರೆಆಫೀಸ್ ಕೋಡ್ ಕಾಣುತ್ತದೆ, ಆದರೆ ಅದು ಬರೀ ಪ್ರತಿ. ಅಲ್ಲಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಹಾಕಿದರೆ ಪ್ರಯೋಜನವಿಲ್ಲ. ವಿಮರ್ಶೆಯೆಲ್ಲ ಗೆರಿಟ್ ಎಂಬ ತಾಣದಲ್ಲಿ. ಖಾತೆ ತೆರೆದು, ಸೋರ್ಸ್ ಜೊತೆಗೇ ಬರುವ ಲಾಗೆರಿಟ್ ಸ್ಕ್ರಿಪ್ಟ್‌ನಿಂದ ಸೆಟಪ್ ಮಾಡಿ. ಕಮಿಟ್ (ದಾಖಲಿಸಿದ ಬದಲಾವಣೆ) ಸಂದೇಶದ ಮೊದಲ ಸಾಲಿನಲ್ಲಿ ಟಿಡಿಎಫ್ (ಲಿಬ್ರೆಆಫೀಸ್ ನಡೆಸುವ ದಿ ಡಾಕ್ಯುಮೆಂಟ್ ಫೌಂಡೇಶನ್) ಬಗ್ ಸಂಖ್ಯೆ, ಏನು ಬದಲಾಯಿತು ಎಂಬುದು ಇರಲಿ. ಒಂದು ಸಾಲು ಬಿಟ್ಟು, ಯಾಕೆ ಬದಲಾಯಿಸಿದಿರಿ ಎಂಬುದನ್ನು ಬರೆಯಿರಿ. ನಿಮ್ಮ ಕೋಡನ್ನು ಎಂಪಿಎಲ್ 2 ಮತ್ತು ಎಲ್‌ಜಿಪಿಎಲ್ 3 ಪರವಾನಗಿಯಡಿ ಕೊಡುತ್ತಿದ್ದೀರಿ ಎಂದು ಡೆವಲಪರ್‌ಗಳ ಮೇಲಿಂಗ್ ಲಿಸ್ಟಿಗೆ ಒಂದು ಸಲ ಬರೆದು ಕಳಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಗೆರಿಟ್‌ಗೆ ಪ್ಯಾಚ್ ಹಾಕಿದೆ, ಸ್ವಯಂಚಾಲಿತ ಪರೀಕ್ಷಕ ಜೆಂಕಿನ್ಸ್ ಕೆಂಪು ತೋರಿಸಿತು. ನನ್ನ ಮಷಿನ್‌ನಲ್ಲಿ ಸರಿಯಾಗಿಯೇ ಓಡುತ್ತಿದೆ. ಸರಿಪಡಿಸಲು ಹೋದರೆ ಎರಡನೇ ಪ್ಯಾಚ್ ಬೇರೆಯಾಗಿ ತೆರೆದುಕೊಂಡಿತು. ಯಾರೂ ಉತ್ತರಿಸುತ್ತಿಲ್ಲ.
— ಓದುಗರು, ಹುಬ್ಬಳ್ಳಿ

ಉತ್ತರ: ಮೂರೂ ಬೇರೆ ಬೇರೆ ತೊಂದರೆ.

ಜೆಂಕಿನ್ಸ್ ನಿಮ್ಮ ಪ್ಯಾಚನ್ನು ಲಿನಕ್ಸ್, ವಿಂಡೋಸ್, ಮ್ಯಾಕ್ ಮುಂತಾದವುಗಳಲ್ಲಿ ಬಿಲ್ಡ್ ಮಾಡಿ ನೋಡುತ್ತದೆ. ಲಾಗ್ ತೆರೆದು ಮೊದಲ ಎರರ್ ಎಲ್ಲಿದೆ ಹುಡುಕಿ. ಕೊನೆಯಲ್ಲಿ ಕಾಣುವ ಸಾಲುಗಳು ಬಹುಪಾಲು ಅದರ ಪರಿಣಾಮವಷ್ಟೇ. ಲಿನಕ್ಸ್‌ನಲ್ಲಿ ಪಾಸಾಗಿ ವಿಂಡೋಸ್‌ನಲ್ಲಿ ಬಿದ್ದಿದ್ದರೆ 'ಲಾಂಗ್' ಎಂಬ ಪೂರ್ಣಾಂಕ ವಿಧ ಬಳಸಿದ್ದೀರಾ ನೋಡಿ: 64 ಬಿಟ್ ಲಿನಕ್ಸ್‌ನಲ್ಲಿ ಅದು 64 ಬಿಟ್, ವಿಂಡೋಸ್‌ನಲ್ಲಿ 32 ಮಾತ್ರ. ಬಿದ್ದ ಟೆಸ್ಟಿಗೂ ನಿಮ್ಮ ಫೈಲಿಗೂ ಸಂಬಂಧವೇ ಇಲ್ಲದಿದ್ದರೆ, ಮಾಸ್ಟರ್ (ಕೋಡಿನ ಮುಖ್ಯ ಶಾಖೆ) ಮೇಲೆ ರೀಬೇಸ್ ಮಾಡಿ ಮತ್ತೆ ಕಳಿಸಿ.

ಎರಡನೇ ಪ್ಯಾಚ್ ತೆರೆದುಕೊಂಡದ್ದು ಚೇಂಜ್ ಐಡಿಯಿಂದ. ಕಮಿಟ್ ಸಂದೇಶದ ತಳದಲ್ಲಿರುವ ಆ ಸಾಲು ನೋಡಿಯೇ ಗೆರಿಟ್ 'ಇದು ಹಳೆಯದರ ಹೊಸ ರೂಪ' ಎಂದು ಗುರುತಿಸುವುದು. ಹೊಸ ಕಮಿಟ್ ಮಾಡಿದರೆ ಹೊಸ ಐಡಿ, ಹೊಸ ಪ್ಯಾಚ್. ಹಳೆಯ ಕಮಿಟ್ಟನ್ನೇ ಅಮೆಂಡ್ ಮಾಡಿ (ತಿದ್ದಿ), ಆ ಸಾಲನ್ನು ಮುಟ್ಟದೆ ಮತ್ತೆ ಕಳಿಸಿ. ಹೆಚ್ಚುವರಿಯಾಗಿ ತೆರೆದದ್ದನ್ನು ನೀವೇ ಅಬ್ಯಾಂಡನ್ ಮಾಡಿ.

ಉತ್ತರ ಬರದಿರುವುದಕ್ಕೆ ಬೇಸರ ಬೇಡ. ವಿಮರ್ಶಕರಲ್ಲಿ ಎಷ್ಟೋ ಜನ ತಮ್ಮ ಬಿಡುವಿನಲ್ಲಿ ನೋಡುವವರು. ಗಿಟ್ ಲಾಗ್‌ನಲ್ಲಿ ಆ ಫೈಲನ್ನು ಇತ್ತೀಚೆಗೆ ಯಾರು ಮುಟ್ಟಿದ್ದಾರೆ ನೋಡಿ, ಅವರನ್ನು ರಿವ್ಯೂವರ್ ಆಗಿ ಸೇರಿಸಿ. ಎರಡು ವಾರ ಕಾದು ಒಂದೇ ಸಾಲಿನ ನೆನಪೋಲೆ ಹಾಕಿ. ದಿನಕ್ಕೊಂದು 'ಎನಿ ಅಪ್‌ಡೇಟ್?' ಬರೆಯುವವರ ಪ್ಯಾಚನ್ನು ತೆರೆಯುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ.

ಪ್ರಶ್ನೆ: ನಾನು ಕನ್ನಡ ಶಿಕ್ಷಕಿ, ಪ್ರೋಗ್ರಾಮಿಂಗ್ ಬಾರದು. ಅನುವಾದದಲ್ಲಿ ನೆರವಾಗಬಹುದೇ?
— ಓದುಗರು, ಶಿರಸಿ

ಉತ್ತರ: ಖಂಡಿತ. ಲಿಬ್ರೆಆಫೀಸ್ ಅನುವಾದ ವೆಬ್ಲೇಟ್‌ನಲ್ಲಿ, ಬ್ರೌಸರಿನಲ್ಲೇ ನಡೆಯುತ್ತದೆ. ಖಾತೆ ತೆರೆದು ಕನ್ನಡ ಆರಿಸಿ. ನೇರವಾಗಿ ಉಳಿಸಲು ಬಿಡದಿದ್ದರೆ 'ಸಜೆಶನ್' ಎಂದು ಸೇರಿಸುತ್ತಾ ಹೋಗಿ.

ಕೈ ತಪ್ಪುವುದು ಹೆಚ್ಚಾಗಿ ಚಿಹ್ನೆಗಳಲ್ಲಿ. ಮೆನು ಪದದ ನಡುವೆ ಬರುವ ಟಿಲ್ಡೆ ಶಾರ್ಟ್‌ಕಟ್ ಅಕ್ಷರದ ಗುರುತು. ಕನ್ನಡ ಪದದೊಳಗೆ ಅದನ್ನು ತುರುಕದೆ, ಇಂಗ್ಲಿಷ್ ಅಕ್ಷರದ ಸಮೇತ ಕೊನೆಯಲ್ಲಿ ಕಂಸದಲ್ಲಿಡುವುದು ವಾಡಿಕೆ. ಶೇಕಡಾ ಅಥವಾ ಡಾಲರ್ ಚಿಹ್ನೆ ಹೊತ್ತ ಖಾಲಿ ಜಾಗಗಳಿಗೆ ತಂತ್ರಾಂಶ ತಾನೇ ಹೆಸರು, ಅಂಕಿ ತುಂಬುತ್ತದೆ. ಅವುಗಳಲ್ಲಿ ಒಂದಕ್ಷರವೂ ಬದಲಾಗಬಾರದು. ವಿಭಕ್ತಿ ಪ್ರತ್ಯಯವನ್ನು ಅವಕ್ಕೆ ನೇರವಾಗಿ ಅಂಟಿಸಿದರೆ 'ಬಜೆಟ್ಅನ್ನು' ಎಂಬಂಥ ರೂಪ ತೆರೆಯ ಮೇಲೆ ಬರುತ್ತದೆ. '…ಎಂಬ ಕಡತವನ್ನು ಅಳಿಸಬೇಕೆ?' ಎಂದು ನಡುವೆ ಒಂದು ನಾಮಪದ ಇಟ್ಟರೆ ಯಾವ ಹೆಸರು ಬಂದರೂ ವಾಕ್ಯ ಕೆಡುವುದಿಲ್ಲ.

'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿ ಅಂಟಿಸಬೇಡಿ, ಯೂನಿಕೋಡ್ ಮಾತ್ರ. 'ಫೈಲ್‌ಗಳು' ಎಂದು ಬಿಡಿಸಿ ಬರೆಯಲು ಲ್ ಮತ್ತು ಗ ನಡುವೆ ಜಡ್‌ಡಬ್ಲ್ಯುಎನ್‌ಜೆ (ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ) ಬೇಕು, ಇಲ್ಲದಿದ್ದರೆ 'ಫೈಲ್ಗಳು' ಆಗುತ್ತದೆ. ಲಿಬ್ರೆಆಫೀಸ್‌ನದು ವರ್ಷಕ್ಕೆ ಎರಡು ಮುಖ್ಯ ಆವೃತ್ತಿ, ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ. ಇಂದು ಮಾಡಿದ್ದು ನಾಳೆಯೇ ಕಾಣದಿದ್ದರೆ ಕಾರಣ ಇದು.

ಪ್ರಶ್ನೆ: ಎಐ ಬರೆದ ಪ್ಯಾಚ್ ಕಳಿಸಿದರೆ ತಪ್ಪೇ? ರೆಸ್ಯೂಮೆಗೆ ಒಂದಿಷ್ಟು ಕಮಿಟ್ ಬೇಕಿತ್ತು.
— ಓದುಗರು, ಮೈಸೂರು

ಉತ್ತರ: ಪ್ರಾಜೆಕ್ಟಿನ ನಿಯಮ ಓದಿ. ಜೆಂಟೂ ಲಿನಕ್ಸ್ ಪ್ರಾಜೆಕ್ಟ್ 2024ರ ಏಪ್ರಿಲ್‌ನಲ್ಲೇ ಎಐ ನೆರವಿನ ಕೊಡುಗೆ ಬೇಡವೆಂದಿತು. ಬೇರೆ ಕಡೆ ಅನುಮತಿ ಇದ್ದರೂ, 'ಈ ಸಾಲು ಯಾಕೆ?' ಎಂದು ವಿಮರ್ಶಕರು ಕೇಳಿದಾಗ ನೀವೇ ಉತ್ತರಿಸಬೇಕು. ಎಐ ಹೆಣೆದ ಸುಳ್ಳು ಭದ್ರತಾ ವರದಿಗಳಿಂದ ಕರ್ಲ್ ಎಂಬ ದತ್ತಾಂಶ ವರ್ಗಾವಣೆ ತಂತ್ರಾಂಶದ ಪ್ರಾಜೆಕ್ಟಿನವರು ರೋಸಿಹೋಗಿದ್ದಾರೆ. ಎಣಿಕೆಯ ಚಪಲ ಎಲ್ಲಿಗೆ ಮುಟ್ಟುತ್ತದೆಂದು ಮುಕ್ತ ತಂತ್ರಾಂಶಕ್ಕೆ ಕೊಡುಗೆ ನೀಡಿದವರಿಗೆ ಟೀ ಶರ್ಟ್ ಕೊಡುತ್ತಿದ್ದ 2020ರ ಹ್ಯಾಕ್ಟೋಬರ್‌ಫೆಸ್ಟ್ ತೋರಿಸಿದೆ: ಟೀ ಶರ್ಟಿನ ಆಸೆಗೆ ರೀಡ್‌ಮಿ ಎಂಬ ಪರಿಚಯ ಕಡತದಲ್ಲಿ ಒಂದೆರಡು ಪದ ಸೇರಿಸಿದ ಪುಲ್ ರಿಕ್ವೆಸ್ಟ್‌ಗಳು ಸುರಿದು, ಭಾಗವಹಿಸಲು ಒಪ್ಪಿದ ಪ್ರಾಜೆಕ್ಟುಗಳಿಗೆ ಹಾಕಿದ್ದು ಮಾತ್ರ ಲೆಕ್ಕ ಎಂದು ಸಂಘಟಕರು ನಡುವೆಯೇ ನಿಯಮ ಬದಲಿಸಬೇಕಾಯಿತು.

ಪ್ರಶ್ನೆ: ಐಟಿ ಕಂಪನಿಯ ಉದ್ಯೋಗಿ. ರಜೆಯಲ್ಲಿ ಬರೆದ ಕೋಡ್ ಕೊಡಬಹುದೇ?
— ಓದುಗರು, ಬೆಂಗಳೂರು

ಉತ್ತರ: ನೇಮಕಾತಿ ಪತ್ರದ ಬೌದ್ಧಿಕ ಆಸ್ತಿ ಷರತ್ತು ನೋಡಿ. ಕೆಲವು ಕಂಪನಿಗಳು ಬಿಡುವಿನಲ್ಲಿ ಬರೆದದ್ದರ ಮೇಲೂ ಹಕ್ಕು ಹೇಳುತ್ತವೆ. ಅನುಮಾನವಿದ್ದರೆ ಪ್ರಾಜೆಕ್ಟಿನ ಹೆಸರು ಹಾಕಿ ಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ. ಬರೆಯುವುದು ಸ್ವಂತ ಲ್ಯಾಪ್‌ಟಾಪಿನಲ್ಲಿ, ಕಮಿಟ್ ಮಾಡುವುದು ಸ್ವಂತ ಇಮೇಲ್‌ನಿಂದ.